ರಿಪೋರ್ಟಿನಲ್ಲಿ ಸಿಗದ ಜ್ವರ

ರಕ್ತದ ರಿಪೋರ್ಟು ಓದುವುದರಲ್ಲಿ ನನ್ನನ್ನು ಮೀರಿಸುವವರು ಕಡಬ, ನೆಲ್ಯಾಡಿಯ ಸುತ್ತಮುತ್ತ ಇಲ್ಲ ಎಂದು ನಾನು ಕೆಲವು ವರ್ಷ ಗಟ್ಟಿಯಾಗಿ ನಂಬಿದ್ದೆ. ಕೊರೋನಾ ಬಂದು ಹೋದ ಮೇಲೆ ಹಿಡಿದ ಚಟ ಇದು. ಆಗ ಎಲ್ಲರ ಫೋನಿಗೂ ಲ್ಯಾಬಿನಿಂದ ರಿಪೋರ್ಟು ಬರತೊಡಗಿತ್ತು. ನೋಡಿದರೆ ಕಷ್ಟದ್ದೇನೂ ಅಲ್ಲ. ಎಡಗಡೆ ಪರೀಕ್ಷೆಯ ಹೆಸರು, ನಡುವೆ ನಮ್ಮ ಸಂಖ್ಯೆ, ಬಲಗಡೆ ಇರಬೇಕಾದ ಸಂಖ್ಯೆ. ಹೆಚ್ಚುಕಮ್ಮಿ ಆದದ್ದು ದಪ್ಪ ಅಕ್ಷರದಲ್ಲಿ. ಇಷ್ಟನ್ನು ಓದಲು ಡಾಕ್ಟರುಗಳು ಅಷ್ಟೊಂದು ವರ್ಷ ಯಾಕೆ ಕಲಿಯಬೇಕು ಎಂಬುದು ನನ್ನ ಪ್ರಾಮಾಣಿಕ ಸಂಶಯವಾಗಿತ್ತು. ಭಾನುವಾರ ಚರ್ಚಿನಿಂದ ಹೊರಗೆ ಬಂದರೆ ಯಾರಾದರೊಬ್ಬರು ಫೋನು ಚಾಚುತ್ತಿದ್ದರು. ನಾನು ಕನ್ನಡಕ ಸರಿಮಾಡಿಕೊಂಡು, ದಪ್ಪ ಅಕ್ಷರ ಹುಡುಕಿ, ಅವರು ಮೊಟ್ಟೆಯ ಹಳದಿ ಬಿಡಬೇಕೋ ಉಪ್ಪಿನಕಾಯಿ ಬಿಡಬೇಕೋ ಎಂದು ತೀರ್ಪು ಕೊಡುತ್ತಿದ್ದೆ. ಅಂಗಳದಲ್ಲಿ ಒಂದು ಬೋರ್ಡು ಹಾಕಿಸಿ, ರಬ್ಬರ್ ಕೆಲಸ ಬಿಟ್ಟುಬಿಡಿ ಎಂದು ನನ್ನ ಹೆಂಡತಿ ತಮಾಷೆ ಮಾಡುತ್ತಿದ್ದಳು.

ನಮ್ಮದು ಅಪ್ಪನ ಕಾಲದಲ್ಲಿ ಕೇರಳದಿಂದ ಬಂದು ನೆಲೆಸಿದ ಕುಟುಂಬ. ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು. ಹೆಂಡತಿ ನೆಟ್ಟಣದ ಕಡೆಯವಳು. ಅವರ ಮನೆಯದ್ದೂ ಇದೇ ಕಥೆ. ಮದುವೆಯಾದ ವರ್ಷವೇ ನಾವು ತೋಟದ ಕೆಲಸವನ್ನು ಪಾಲು ಮಾಡಿಕೊಂಡೆವು. ಮರ ಕೆತ್ತಿ ರಬ್ಬರ್ ಹಾಲನ್ನು ಶೆಡ್ಡಿಗೆ ತರುವವರೆಗೆ ನನ್ನದು, ಅಲ್ಲಿಂದ ಮುಂದೆ ಅವಳದು. ಹಾಲನ್ನು ಸೋಸಿ, ನೀರು ಬೆರೆಸಿ, ತಟ್ಟೆಗಳಿಗೆ ಹೊಯ್ದು, ಹೆಪ್ಪುಗಟ್ಟಿ ಶೀಟಾಗಲು ಆಸಿಡ್ ಹಾಕುವವಳು ಅವಳು. ಎಷ್ಟು ಜಾಗ್ರತೆ ಮಾಡಿದರೂ ಒಂದೊಂದು ಹನಿ ಎಲ್ಲಾದರೂ ಸಿಡಿಯುತ್ತದೆ. ಬಿದ್ದಲ್ಲಿ ಉರಿದು, ಕಪ್ಪಾಗಿ, ಒಣಗಿ, ಹಕ್ಕಳೆಯಾಗಿ ಉದುರುತ್ತದೆ. ರಬ್ಬರ್ ಮನೆಯ ಹೆಂಗಸರ ಕೈಯಲ್ಲಿ ಕಾಲಿನಲ್ಲಿ ಇಂಥ ಗುರುತು ಇಲ್ಲದಿದ್ದರೆ ಅವರಿಗೆ ಕೆಲಸ ಗೊತ್ತಿಲ್ಲ ಎಂದೇ ಲೆಕ್ಕ. ಯಾರೂ ಅದರ ಬಗ್ಗೆ ಕೇಳುವುದಿಲ್ಲ. ಕೇಳಿದರೂ ‘ಆಸಿಡ್’ ಎಂಬ ಒಂದು ಮಾತಿಗೆ ವಿಷಯ ಮುಗಿಯುತ್ತದೆ.

ನನ್ನ ರಿಪೋರ್ಟಿನ ಚಟ ಜೋರಾಗಿದ್ದ ಒಂದು ವರ್ಷ, ಮಳೆ ಹಿಂದೆ ಸರಿದ ಮೇಲೆ ತೋಟದ ಅಡಿಯ ಪೊದೆ ಕಡಿಸಲು ಆಳು ಸಿಗಲಿಲ್ಲ. ಆಳು ಸಿಗುವವರೆಗೆ ಕಾಯುವ ಎಂದೆ ನಾನು. ಅವಳಿಗೆ ಕಾಯುವ ಕೆಲಸ ಆಗದು. ಶೆಡ್ಡಿನ ಕೆಲಸ ಮುಗಿಸಿ, ನೈಟಿಯ ಮೇಲೆ ನನ್ನದೊಂದು ಹಳೆಯ ಅಂಗಿ ಹಾಕಿಕೊಂಡು, ಕತ್ತಿ ಹಿಡಿದು ಹೊರಟಳು. ಸುಸ್ತಾದಾಗ ಅಲ್ಲೇ ತರಗೆಲೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಕೆಲಸ ಮುಗಿದು ಒಂದು ವಾರವೋ ಏನೋ ಕಳೆದಿರಬೇಕು, ಅವಳಿಗೆ ಜ್ವರ ಬಂತು.

ಮೊದಲಿಗೆ ಯಾರೂ ಹೆದರಲಿಲ್ಲ. ಆ ಸಮಯದಲ್ಲಿ ನಮ್ಮ ಕಡೆ ಮನೆಗೊಂದು ಜ್ವರ. ಆದರೆ ಇವಳ ಜ್ವರ ಮಾತ್ರೆಗೆ ಇಳಿದಂತೆ ಮಾಡಿ ಮತ್ತೆ ಏರುತ್ತಿತ್ತು. ತಲೆನೋವು ಎಷ್ಟೆಂದರೆ, ಕಿಟಕಿಯ ಬೆಳಕನ್ನೂ ನೋಡಲಾಗದೆ ಮುಸುಕು ಹಾಕಿ ಮಲಗಿದಳು. ನನ್ನ ಅಪ್ಪನಿಗೂ ಮದ್ದು ಕೊಟ್ಟಿದ್ದ ಕಡಬದ ಹಿರಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ ರಕ್ತಕ್ಕೆ ಬರೆದುಕೊಟ್ಟರು. ಮಲೇರಿಯಾ, ಡೆಂಗಿ, ಟೈಫಾಯ್ಡ್, ರಕ್ತಕಣಗಳ ಲೆಕ್ಕ.

ರಿಪೋರ್ಟು ಬಂದಾಗ ನಾನು ಡಾಕ್ಟರರಿಗಿಂತ ಮೊದಲೇ ಓದಿ ಮುಗಿಸಿದ್ದೆ. ಮಲೇರಿಯಾ ಇಲ್ಲ. ಡೆಂಗಿ ಇಲ್ಲ. ಪ್ಲೇಟ್‌ಲೆಟ್ ಮಾತ್ರ ಕಡಿಮೆ, ದಪ್ಪ ಅಕ್ಷರದಲ್ಲಿ. ಟೈಫಾಯ್ಡ್ ಪರೀಕ್ಷೆಯಲ್ಲಿ ಸ್ವಲ್ಪ ಇದೆ ಎಂದು ಬಂದಿತ್ತು. ನಾನು ಟೈಫಾಯ್ಡ್ ಎಂದು ತೀರ್ಮಾನಿಸಿ, ಡಾಕ್ಟರು ಒಪ್ಪುವುದನ್ನು ಕಾಯುತ್ತ ಕೂತೆ. ಅವರು ಒಪ್ಪಲಿಲ್ಲ. ಹಿಂದೆಂದೋ ಬಂದ ಜ್ವರದ ನೆನಪು ರಕ್ತದಲ್ಲಿ ಉಳಿದಿದ್ದರೂ ಆ ಪರೀಕ್ಷೆ ಹೀಗೆ ತೋರಿಸುತ್ತದೆ, ಅದೊಂದನ್ನೇ ನಂಬಿ ರೋಗದ ಹೆಸರು ಹೇಳಲಾಗದು ಎಂದು ವಿವರಿಸಿದರು. ಬಲಗಡೆ ಬರೆದ ಸಂಖ್ಯೆಯೂ ಬೇಲಿಯಲ್ಲ. ಆರೋಗ್ಯವಾಗಿರುವವರಲ್ಲೂ ಕೆಲವರು ಅದರ ಆಚೀಚೆ ಇರುತ್ತಾರೆ, ರೋಗ ಇರುವವರಲ್ಲೂ ಕೆಲವರು ಒಳಗೇ ಇರುತ್ತಾರೆ ಎಂದರು. ಪ್ಲೇಟ್‌ಲೆಟ್ ಇಳಿಸುವ ಜ್ವರ ಡೆಂಗಿ ಒಂದೇ ಅಲ್ಲವಂತೆ. ನನಗೆ ಇದು ಜಾರಿಕೊಳ್ಳುವ ಮಾತಿನಂತೆ ಕೇಳಿಸಿತು. ಎರಡು ದಿನ ನೋಡುವ, ಜ್ವರ ಬಿಡದಿದ್ದರೆ ಬನ್ನಿ, ಉಸಿರಾಟದಲ್ಲಿ ವ್ಯತ್ಯಾಸ ಕಂಡರೆ ಕೂಡಲೇ ಬನ್ನಿ ಎಂದು ಅವರು ಕಳಿಸಿದರು.

ಸುಮ್ಮನೆ ಕೂರುವ ಜಾತಿ ನನ್ನದಲ್ಲ. ಮರುದಿನ ಬೇರೆ ಲ್ಯಾಬಿನಿಂದ ಜನ ಕರೆಸಿ ಮತ್ತೊಮ್ಮೆ ರಕ್ತ ತೆಗೆಸಿದೆ. ಅಲ್ಲಿ ಪ್ಲೇಟ್‌ಲೆಟ್ ಬೇರೆ, ಬಿಳಿ ರಕ್ತಕಣ ಬೇರೆ. ಎರಡು ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟು, ಯಾವುದು ಸುಳ್ಳು ಎಂದು ಬೆಳಗಿನಿಂದ ಮಧ್ಯಾಹ್ನದವರೆಗೆ ತಲೆ ಕೆಡಿಸಿಕೊಂಡೆ. ಎರಡೂ ನಿಜ ಇರಬಹುದು, ದಿನ ಕಳೆದಂತೆ ರಕ್ತ ಬದಲಾಗುತ್ತದೆ, ಯಂತ್ರದಿಂದ ಯಂತ್ರಕ್ಕೂ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ ಎಂಬುದು ಆಗ ಹೊಳೆಯಲಿಲ್ಲ. ಪಪ್ಪಾಯಿ ಎಲೆಯ ರಸ ಹಿಂಡಿ ಕುಡಿಸಿದೆ. ಕುಡಿದ ಮೇಲೆ ಅವಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯದಿರುವುದೇ ಒಳ್ಳೆಯದು. ಒದ್ದೆ ಬಟ್ಟೆಯಲ್ಲಿ ಮೈ ಒರೆಸುವಾಗ ಕೈಯ ಗುರುತು, ಪಾದದ ಗುರುತು, ಸೊಂಟದ ಹತ್ತಿರದ ಒಂದು ಗುರುತು ಎಲ್ಲದರ ಮೇಲೆ ನನ್ನ ಕೈ ಓಡಿತ್ತು. ರಬ್ಬರಿನವರ ಕಣ್ಣಿಗೆ ಕಪ್ಪು ಹಕ್ಕಳೆ ಎಂದರೆ ಆಸಿಡ್, ಅಷ್ಟೇ. ಅದಕ್ಕೆ ಇನ್ನೊಂದು ಕಾರಣ ಇರಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಮತ್ತೆ ಕಡಬಕ್ಕೆ ಹೋದಾಗ ಅವಳಿಗೆ ಒಣಕೆಮ್ಮು ಶುರುವಾಗಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಡಾಕ್ಟರು ಬೆರಳಿಗೆ ಯಂತ್ರ ಸಿಕ್ಕಿಸಿದರು, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದರು. ನಾನು ಎರಡನೇ ರಿಪೋರ್ಟನ್ನು ಮುಂದೆ ಮಾಡಿದೆ. ಅವರು ಅದನ್ನು ನೋಡಿ, ಮಡಚಿ ನನಗೇ ಕೊಟ್ಟು ಹೇಳಿದರು.

“ನನಗೆ ಇದು ಎಂತ ಅಂತ ಗೊತ್ತಾಗ್ತಾ ಇಲ್ಲ. ಗೊತ್ತಾಗುವವರೆಗೆ ಇಲ್ಲಿ ಇಟ್ಕೊಳ್ಳುದು ಸರಿಯಲ್ಲ. ಈಗಲೇ ಪುತ್ತೂರಿಗೆ ಕರ್ಕೊಂಡು ಹೋಗಿ, ನಾನು ಫೋನ್ ಮಾಡಿ ಹೇಳ್ತೇನೆ.”

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ನೋಡಿ ಈಗ ಗೊತ್ತಿಲ್ಲ ಎನ್ನುವುದೇ? ಹೊರಗೆ ಬಂದು ಗೊಣಗಿದೆ. ಇವತ್ತು ನಾನು ಆ ಮಾತಿಗೆ ಕೈಮುಗಿಯುತ್ತೇನೆ. ಗೊತ್ತಿದೆ ಎಂದು ಇನ್ನೊಂದು ಮಾತ್ರೆ ಬರೆದುಕೊಟ್ಟಿದ್ದರೆ ನಾನು ಖುಷಿಯಿಂದ ಮನೆಗೆ ಹೋಗುತ್ತಿದ್ದೆ. ಮುಂದೆ ಏನಾಗುತ್ತಿತ್ತೆಂದು ಯೋಚಿಸಲು ಈಗಲೂ ಧೈರ್ಯ ಸಾಲುವುದಿಲ್ಲ.

ನಮ್ಮ ರಬ್ಬರ್ ಶೀಟು ಕೊಳ್ಳುವ ಬ್ಯಾರಿ ಮುಸ್ಲಿಂ ವ್ಯಾಪಾರಿ ಕಡಬ ಪೇಟೆಯಲ್ಲೇ ಅಂಗಡಿ ಇಟ್ಟಿದ್ದಾರೆ. ವಿಷಯ ಕೇಳಿದ್ದೇ ಅವರು ಅಂಗಡಿಯ ಬಾಗಿಲು ಎಳೆದು ತಮ್ಮ ಕಾರು ತೆಗೆದರು. ಬಾಡಿಗೆ ಕಾರಿಗೆ ಹೇಳಿದ್ದೇನೆ ಎಂದರೆ, ಅದು ಬರುವಾಗ ನಾವು ಪುತ್ತೂರಿನಲ್ಲಿರುತ್ತೇವೆ, ಹತ್ತಿ ಎಂದರು. ದಾರಿಯುದ್ದಕ್ಕೂ ಅವಳ ತಲೆ ನನ್ನ ಭುಜದ ಮೇಲಿತ್ತು. ಆಲಂಕಾರು ದಾಟಿದ ಮೇಲೆ ನೀರು ಬೇಕಾ ಎಂದು ಕೇಳಿದೆ. ಹಾಲಿಗೆ ಆಸಿಡ್ ಹಾಕಿ ಆಗಿಲ್ಲ, ಗಟ್ಟಿಯಾಗುವುದಿಲ್ಲ ಎಂದಳು. ಮತ್ತೊಮ್ಮೆ ಕೇಳಿ ಅವಳ ಮುಖ ನೋಡಿದೆ. ಕಣ್ಣು ಅರ್ಧ ತೆರೆದಿತ್ತು, ನನ್ನ ಕಡೆಗೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಇವಳು ನನ್ನನ್ನು ಬಿಟ್ಟು ಹೋಗುತ್ತಾಳೆ ಎಂದು ಆಗ ಮೊದಲ ಸಲ ಅನಿಸಿತು. ವ್ಯಾಪಾರಿ ಕನ್ನಡಿಯಲ್ಲಿ ನಮ್ಮನ್ನು ನೋಡಿ, ಕಾರಿನ ವೇಗ ಹೆಚ್ಚಿಸಿದರು.

ಪುತ್ತೂರಿನ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದವರು ಒಬ್ಬ ಯುವ ಡಾಕ್ಟರಮ್ಮ. ಮೂಗಿಗೆ ಆಮ್ಲಜನಕ ಇಟ್ಟರು, ಕೈಗೆ ಡ್ರಿಪ್ಪು ಹಾಕಿಸಿದರು, ಎಕ್ಸ್‌ರೇಗೆ ಹೇಳಿದರು. ಆಮೇಲೆ ನನ್ನ ರಿಪೋರ್ಟುಗಳನ್ನೆಲ್ಲ ಓದಿದರು. ನಾನು ಓದುವ ಹಾಗಲ್ಲ. ದಪ್ಪ ಅಕ್ಷರಗಳಲ್ಲದೆ ತೆಳು ಅಕ್ಷರದ ಮೇಲೂ ಬೆರಳು ಆಡಿಸುತ್ತಿದ್ದರು. ಮಲೇರಿಯಾ ಇಲ್ಲ, ಡೆಂಗಿ ಇಲ್ಲ, ಹಾಗಾದರೆ ಏನೂ ಇಲ್ಲ ಎಂದಲ್ಲವೇ ಎಂದು ನಾನು ಆಸೆಯಿಂದ ಕೇಳಿದೆ. ಪರೀಕ್ಷೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ, ಸರಿಯಾದ ಪ್ರಶ್ನೆಯನ್ನು ಇನ್ನೂ ಯಾರೂ ಕೇಳಿಲ್ಲ ಅಷ್ಟೇ ಎಂದರು. ನಂತರ ಅವರ ಪ್ರಶ್ನೆಗಳು ಶುರುವಾದವು. ಮನೆಯಲ್ಲಿ ದನ ಇದೆಯೇ, ಇಲಿ ಇದೆಯೇ, ಗದ್ದೆಯ ನೀರಿನಲ್ಲಿ ಇಳಿದಿದ್ದರೇ, ಕಾಡಿಗೆ ಹೋಗಿದ್ದರೇ, ಮನೆಯಲ್ಲಿ ಬೇರೆ ಯಾರಿಗಾದರೂ ಜ್ವರ ಇದೆಯೇ. ಪೊದೆ ಕಡಿದದ್ದನ್ನು ಹೇಳಿದಾಗ ಒಂದು ಕ್ಷಣ ನಿಂತು, ಯಾವಾಗ ಎಂದು ಕೇಳಿದರು. ಆಮೇಲೆ ಅವಳ ಕೈ ಎತ್ತಿ, ಕಪ್ಪು ಗುರುತುಗಳನ್ನು ನೋಡಿ, ಇದೇನೆಂದು ಕೇಳಿದರು.

ನನಗೆ ಗೊತ್ತಿರುವ ಒಂದು ವಿಷಯ ಸಿಕ್ಕಿತಲ್ಲ ಎಂದು ರಬ್ಬರ್ ಹಾಲಿಗೆ ಆಸಿಡ್ ಹಾಕುವ ಕ್ರಮವನ್ನೆಲ್ಲ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ನರ್ಸನ್ನು ಕರೆದು, ಮೈಯೆಲ್ಲ ಒಮ್ಮೆ ನೋಡಬೇಕು, ನೀವು ಹೊರಗೆ ಇರಿ ಎಂದು ಪರದೆ ಎಳೆದರು. ನನ್ನ ಹೆಂಡತಿ ಮಹಾ ಸಂಕೋಚದವಳು. ನಮ್ಮ ಮಗಳು ಹುಟ್ಟಿದಾಗ ಹೆರಿಗೆ ಆಸ್ಪತ್ರೆಯ ನರ್ಸಿಗೂ ಸೆರಗು ಬಿಟ್ಟುಕೊಟ್ಟವಳಲ್ಲ. ಅರೆಪ್ರಜ್ಞೆಯಲ್ಲೂ ಅವಳು ನೈಟಿಯನ್ನು ಎಳೆದು ಹಿಡಿಯುವುದು, ನರ್ಸು ಸಮಾಧಾನ ಮಾಡುವುದು ಪರದೆಯ ಈಚೆಗೆ ಕೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳ ಕ್ಷೀಣ ದನಿ ಬಂತು. ಅದೂ ಆಸಿಡೇ, ಎಂದಳು.

ಡಾಕ್ಟರಮ್ಮ ಹೊರಗೆ ಬಂದು ನನ್ನನ್ನು ಕೇಳಿದರು.

“ಆಸಿಡ್ ಬಿದ್ರೆ ಉರಿಯುದಿಲ್ವಾ?”

“ಉರಿಯದೆ ಮತ್ತೆ? ಕೂಡಲೇ ನೀರಿಗೆ ಓಡ್ಬೇಕು ಮೇಡಂ.”

“ಇವರಿಗೆ ಸೊಂಟದಲ್ಲಿ, ಲಂಗದ ಲಾಡಿ ಕಟ್ಟುವಲ್ಲಿ, ಒಂದು ಕಪ್ಪು ಹಕ್ಕಳೆ ಉಂಟು. ಸುತ್ತ ಕೆಂಪಾಗಿದೆ. ಯಾವಾಗ ಆದದ್ದು ಅಂತ ಅವರಿಗೇ ಗೊತ್ತಿಲ್ಲ, ನೋವೂ ಇಲ್ಲ. ಉರಿಯದೆ, ನೋಯದೆ, ಬಟ್ಟೆಯ ಅಡಿಗೆ ಹೋಗಿ ಬೀಳುವ ಆಸಿಡ್ ನಿಮ್ಮಲ್ಲಿ ಉಂಟಾ?”

ಹುಟ್ಟಿದಂದಿನಿಂದ ರಬ್ಬರಿನ ನಡುವೆ ಬೆಳೆದವನು ನಾನು. ಅಂಥ ಆಸಿಡನ್ನು ನಾನು ಕಂಡಿಲ್ಲ ಎಂದೆ.

ಅವರು ವಿವರಿಸಿ ಹೇಳಿದರು. ಪೊದೆಯಲ್ಲಿ, ತರಗೆಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಮರಿ ಇರುತ್ತದೆ. ಬಟ್ಟೆಯೊಳಗೆ ಹತ್ತಿ, ಲಾಡಿಯ ಹತ್ತಿರ, ಕಂಕುಳಲ್ಲಿ, ಬಟ್ಟೆ ಬಿಗಿಯಾದಲ್ಲಿ ನಿಂತು ಕಚ್ಚುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ಅಲ್ಲಿ ಹೀಗೊಂದು ಕಪ್ಪು ಹಕ್ಕಳೆ ಆಗುತ್ತದೆ, ದಿನ ಕಳೆದು ಜ್ವರ ಬರುತ್ತದೆ. ಸ್ಕ್ರಬ್ ಟೈಫಸ್ ಎಂದು ಅದರ ಹೆಸರು. ಎಲ್ಲರಲ್ಲೂ ಹಕ್ಕಳೆ ಕಾಣುವುದಿಲ್ಲ, ಕಂಡರೆ ಅದು ದೊಡ್ಡ ಉಪಕಾರ. ಸರಿಯಾದ ಔಷಧಿ ಬೇಗ ಬಿದ್ದರೆ ಜ್ವರ ಇಳಿಯುತ್ತದೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳು ಯಾವುದನ್ನೂ ಬಿಡುವುದಿಲ್ಲ. ಇವಳ ಎಕ್ಸ್‌ರೇಯಲ್ಲಿ ಆಗಲೇ ಎರಡೂ ಕಡೆ ಮಂಜು ಕವಿದಂತೆ ಇತ್ತು. ಅದನ್ನು ಅವರು ಮುಚ್ಚಿಡದೆ ತೋರಿಸಿದರು.

ಆ ಜ್ವರದ ಪರೀಕ್ಷೆಗೆ ರಕ್ತ ಕಳಿಸಿದ್ದೇವೆ, ನಾಳೆ ಉತ್ತರ ಬರುತ್ತದೆ, ಆದರೆ ಔಷಧಿ ಈಗಲೇ ಎಂದರು. ಅಂಥ ಹೊತ್ತಿನಲ್ಲೂ ನನ್ನ ಚಟ ಬಿಡಲಿಲ್ಲ ನೋಡಿ. ರಿಪೋರ್ಟು ಬಂದ ಮೇಲೆ ಔಷಧಿ ಶುರು ಮಾಡಿದರೆ ಆಗದೇ, ಬೇರೆ ರೋಗ ಆಗಿದ್ದರೆ ಎಂದು ಕೇಳಿದೆ. ಅವರಿಗೆ ಸಿಟ್ಟು ಬರಬಹುದಿತ್ತು, ಬರಲಿಲ್ಲ.

“ನಾನು ಹೇಳಿದ್ದು ತಪ್ಪಾದ್ರೆ ಎರಡು ದಿನದಲ್ಲಿ ಜ್ವರವೇ ನನಗೆ ಹೇಳ್ತದೆ, ಆಗ ಬೇರೆ ಯೋಚನೆ ಮಾಡುವ. ಸರಿಯಾಗಿದ್ದು ನಾವು ಕಾದು ಕೂತ್ರೆ? ಅಷ್ಟು ಕಾಯ್ಲಿಕ್ಕೆ ಇವರಿಗೆ ಪುರುಸೊತ್ತಿಲ್ಲ.”

ಔಷಧಿ ಡ್ರಿಪ್ಪಿನಲ್ಲಿ ಇಳಿಯತೊಡಗಿತು. ಪುತ್ತೂರಿನಲ್ಲೇ ಕಾಲೇಜು ಓದುವ ಮಗಳು ಬಂದು ಅಮ್ಮನ ಕಾಲ ಬಳಿ ಕೂತಳು. ನನಗೆ ಅಲ್ಲಿ ಕೂರಲಾಗದೆ ವರಾಂಡದಲ್ಲಿ ಅತ್ತಿಂದಿತ್ತ ನಡೆದೆ. ನಾನು ದೇವರ ಹತ್ತಿರ ಹೆಚ್ಚು ಕೇಳಿಕೊಳ್ಳುವವನಲ್ಲ, ಭಾನುವಾರ ಹಾಜರಿ ಹಾಕಿ ಬರುವವನು. ಆ ದಿನ ಕೇಳಿದೆ. ಇವಳನ್ನು ಬಿಟ್ಟು ಬೇರೆ ಏನು ಬೇಕಾದರೂ ತೆಗೆದುಕೋ ಎಂದೆ. ಅವಳಿಲ್ಲದ ಶೆಡ್ಡು, ಅವಳಿಲ್ಲದ ಅಡುಗೆಮನೆ ಕಣ್ಣ ಮುಂದೆ ಬಂದು, ಜನ ಓಡಾಡುವ ಜಾಗ ಎಂದೂ ನೋಡದೆ ಗೋಡೆಗೆ ಮುಖ ಮಾಡಿ ಅತ್ತೆ. ವ್ಯಾಪಾರಿ ಎಲ್ಲಿಂದಲೋ ಚಹಾ ತಂದು, ಪಕ್ಕದಲ್ಲಿ ನಿಂತರು. ಲೋಟವನ್ನು ಕೈಗೆ ಕೊಟ್ಟರು.

ಮರುದಿನ ಮಧ್ಯಾಹ್ನ ಪರೀಕ್ಷೆಯ ಉತ್ತರ ಬಂತು. ಇಲ್ಲ ಎಂದು ಬಂದಿತ್ತು. ಇಷ್ಟು ಹೊತ್ತು ತಪ್ಪು ಔಷಧಿ ಇಳಿಯಿತೇ ಎಂದು ಡಾಕ್ಟರಮ್ಮನನ್ನು ಹುಡುಕಿಕೊಂಡು ಓಡಿದೆ. ಅವರು ರಿಪೋರ್ಟನ್ನು ನೋಡಿ ತಲೆ ಆಡಿಸಿ, ನನ್ನ ಜತೆ ಹಾಸಿಗೆಯ ಬಳಿಗೆ ಬಂದರು. ಈ ಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ, ಅದರ ಮೇಲೆ ನಮ್ಮ ಮೈ ಹೂಡುವ ಯುದ್ಧದ ಗುರುತನ್ನು. ಆ ಗುರುತು ರಕ್ತದಲ್ಲಿ ಮೂಡಲು ದಿನ ಹಿಡಿಯುತ್ತದೆ, ಮೊದಲ ದಿನಗಳಲ್ಲಿ ಇಲ್ಲ ಎಂದರೆ ಇಲ್ಲ ಎಂದು ಅರ್ಥವಲ್ಲ ಎಂದು ಬಿಡಿಸಿ ಹೇಳಿದರು. ಮುಂದಿನ ವಾರ ಇನ್ನೊಮ್ಮೆ ನೋಡುವ ಎಂದರು. ಔಷಧಿ ನಿಲ್ಲಿಸಲಿಲ್ಲ. ಅವಳ ಹಣೆ ಮುಟ್ಟಿ ನೋಡಿ ಎಂದು ನನಗೆ ಹೇಳಿ ಹೋದರು.

ಮುಟ್ಟಿದೆ. ಬೆವರಿತ್ತು. ಬಿಸಿ ಇತ್ತು, ಆದರೆ ನಿನ್ನೆಯ ಬಿಸಿಯಲ್ಲ. ಆ ಸಂಜೆ ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. ಶೇವ್ ಯಾಕೆ ಮಾಡಿಲ್ಲ ಎಂದು ಕೇಳಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಬೈದದ್ದನ್ನು ನಾನು ಅಷ್ಟು ಸಂತೋಷದಿಂದ ಯಾವತ್ತೂ ಕೇಳಿಲ್ಲ. ಅದರ ಮರುದಿನ ಜ್ವರ ಪೂರ್ತಿ ಬಿಟ್ಟಿತು. ಗಂಜಿ ಸಪ್ಪೆ ಎಂದು ತಕರಾರು ಮಾಡಿದಳು. ಮುಂದಿನ ವಾರ ಮತ್ತೆ ರಕ್ತ ಕಳಿಸಿದಾಗ ರಿಪೋರ್ಟಿನಲ್ಲಿ ಇದೆ ಎಂದು ಬಂತು. ಆ ಹೊತ್ತಿಗೆ ಅವಳು ಮನೆಗೆ ಹೋಗಲು ಬಟ್ಟೆ ಮಡಚುತ್ತಿದ್ದಳು.

ಚರ್ಚಿನ ಹೊರಗೆ ಈಗಲೂ ಜನ ಫೋನು ಚಾಚುತ್ತಾರೆ. ರಿಪೋರ್ಟಿಗೆ ನಾನು ಶತ್ರುವಾಗಿಲ್ಲ. ಆ ಪ್ಲೇಟ್‌ಲೆಟ್, ಆ ಎಕ್ಸ್‌ರೇ ಇಲ್ಲದಿದ್ದರೆ ಕಾಯಿಲೆ ಇಷ್ಟು ಗಂಭೀರ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಈಗ ನಾನು ದಪ್ಪ ಅಕ್ಷರ ಹುಡುಕುವ ಮೊದಲು, ಡಾಕ್ಟರು ಏನು ಹೇಳಿದರು ಎಂದು ಕೇಳುತ್ತೇನೆ. ಇನ್ನೂ ತೋರಿಸಿಲ್ಲ ಎಂದರೆ ಫೋನು ವಾಪಸು ಕೊಡುತ್ತೇನೆ. ಕಡಬದ ಡಾಕ್ಟರರಿಗೆ ನಮ್ಮ ತೋಟದ ಮರಗೆಣಸು ಕೊಟ್ಟು, ನೀವು ಗೊತ್ತಿಲ್ಲ ಎಂದದ್ದೇ ನಮ್ಮನ್ನು ಉಳಿಸಿತು ಎಂದು ಬಾಯಿಬಿಟ್ಟು ಹೇಳಿದೆ. ಅವರು ನಕ್ಕು, ಇದಕ್ಕೆ ಧನ್ಯವಾದ ಹೇಳಿದ ಮೊದಲ ಮನುಷ್ಯ ನೀವೇ ಎಂದರು. ಬ್ಯಾರಿ ವ್ಯಾಪಾರಿ ಮಾತ್ರ ಧನ್ಯವಾದ ಹೇಳಲು ಹೊರಟರೆ ಸಾಕು, ರಬ್ಬರ್ ರೇಟಿನ ಮಾತು ತೆಗೆದುಬಿಡುತ್ತಾರೆ.

ಆಸ್ಪತ್ರೆ ಬಿಡುವ ದಿನದ ಒಂದು ವಿಷಯ ಹೇಳಲೇಬೇಕು. ನಾನು ಡಾಕ್ಟರಮ್ಮನ ಮುಂದೆ ಕೈಮುಗಿದು ನಿಂತಿದ್ದೆ. ಅವರು ನನ್ನನ್ನು ಬಿಟ್ಟು ನನ್ನ ಹೆಂಡತಿಯ ಪಕ್ಕ ಕೂತು, ಒಂದು ಉಪಕಾರ ಕೇಳಲೇ ಎಂದರು. ಹೊಸದಾಗಿ ಸೇರಿದ ನರ್ಸುಗಳಲ್ಲಿ ಕೆಲವರು ಈ ಗುರುತನ್ನು ಚಿತ್ರದಲ್ಲಿ ಮಾತ್ರ ನೋಡಿದ್ದಾರೆ. ನಿಮ್ಮದು ಇನ್ನೂ ಪೂರ್ತಿ ಮಾಸಿಲ್ಲ. ಒಪ್ಪಿದರೆ ಒಮ್ಮೆ ತೋರಿಸಬಹುದೇ, ಇಷ್ಟವಿಲ್ಲದಿದ್ದರೆ ಖಂಡಿತ ಬೇಡ ಎಂದರು.

ಆಗದು ಎನ್ನಲು ನಾನೇ ಬಾಯಿ ತೆರೆದೆ. ಅವಳ ಸ್ವಭಾವ ನನಗೆ ಗೊತ್ತಿಲ್ಲವೇ? ಅವಳು ತನ್ನ ಕೈಯ ಕಪ್ಪು ಗುರುತುಗಳನ್ನು ನೋಡಿಕೊಂಡಳು. ಆಮೇಲೆ ಬರಲಿ ಎಂದಳು. ನನಗೆ ಹೊರಗೆ ಹೋಗಲು ಕಣ್ಣಿನಲ್ಲೇ ಸೂಚಿಸಿದಳು.

ಪರದೆಯ ಹೊರಗೆ ನಿಂತೆ. ಒಳಗೆ ಎಳೆಯ ಹುಡುಗಿಯರ ಪಿಸುಮಾತು, ಡಾಕ್ಟರಮ್ಮನ ವಿವರಣೆ. ಎಲ್ಲ ಮುಗಿಯಿತು ಎನ್ನುವಾಗ ನನ್ನ ಹೆಂಡತಿಯ ದನಿ ಕೇಳಿಸಿತು. ಅವಳದು ಮಲಯಾಳ ಬೆರೆತ ಕನ್ನಡ, ಅಪರಿಚಿತರ ಮುಂದೆ ಅವಳು ಅದನ್ನು ಆಡುವುದೇ ಕಡಿಮೆ.

“ಸರಿಯಾಗಿ ನೋಡಿಕೊಳ್ಳಿ ಮಕ್ಕಳೇ. ನಮ್ಮ ಕಡೆಯ ಹೆಂಗಸರು ಬಂದ್ರೆ ಇದು ಆಸಿಡ್ ಅಂತ ಹೇಳ್ತಾರೆ, ತೋರಿಸ್ಲಿಕ್ಕೆ ಬಿಡುದಿಲ್ಲ. ನಾನೂ ಬಿಟ್ಟಿರಲಿಲ್ಲ. ಅವರ ಮಾತು ಕೇಳ್ಬೇಡಿ.”